ಗೋಡೆಯ ಮೇಲಿನ ದರ

ಅಂದಾನೆಪ್ಪನ ಸಾಲದ ಅರ್ಜಿಯಲ್ಲಿ ಒಂದು ತಪ್ಪೂ ಇರಲಿಲ್ಲ. ನಲಿನಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ರಾಣೇಬೆನ್ನೂರಿನ ಜನ ಸಾಲ ಕೇಳಲು ಬಂದರೆ ಏನಾದರೊಂದು ಬಿಟ್ಟೇ ಬರುತ್ತಾರೆ. ಒಬ್ಬರಿಗೆ ಎರಡು ವರ್ಷದ ಹಿಂದಿನ ತೆರಿಗೆ ಕಾಗದ ಸಿಕ್ಕಿರುವುದಿಲ್ಲ, ಇನ್ನೊಬ್ಬರ ಹೊಲದ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರು ಇನ್ನೂ ಹಾಗೆಯೇ ಇರುತ್ತದೆ, ಮತ್ತೊಬ್ಬರ ತಮ್ಮ ಸಹಿ ಮಾಡಲು ಒಲ್ಲೆ ಅಂದಿರುತ್ತಾನೆ. ನಾಳೆ ತರುತ್ತೇನೆ ಎಂದು ಹೋದವರು ಹದಿನೈದು ದಿನ ಬಿಟ್ಟು ಮುಖ ತೋರಿಸುತ್ತಾರೆ. ನೆಟ್ಟಗಿರುವ ಮನುಷ್ಯರ ಲಕ್ಷಣವೇ ಅದು ಎಂದು ನಲಿನಿ ನಂಬಿದ್ದಳು. ಅಂದಾನೆಪ್ಪ ಮಾತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ, ಕಾಗದಕ್ಕೊಂದು ಬಣ್ಣದ ಚೀಟಿ ಅಂಟಿಸಿ, ಮೊದಲ ದಿನವೇ ತಂದು ಮೇಜಿನ ಮೇಲಿಟ್ಟ. ಯಾವ ಶಾಸಕರ ಹೆಸರನ್ನೂ ಹೇಳಲಿಲ್ಲ. ಯಾವಾಗ ಆಗುತ್ತದೆ ಎಂದು ಅವಸರ ಮಾಡಲಿಲ್ಲ. ಕೈಮುಗಿದು ಎದ್ದು ಹೋದ. ಇಷ್ಟು ಒಳ್ಳೆಯವನು ಇರಲು ಸಾಧ್ಯವೇ ಇಲ್ಲ ಎಂದುಕೊಂಡು ನಲಿನಿ ಫೈಲನ್ನು ಮತ್ತೆ ಮೊದಲಿನಿಂದ ಓದತೊಡಗಿದಳು.

ಅಂದಾನೆಪ್ಪ ಮೇಡ್ಲೇರಿಯವನು, ಬೀಜದ ಆರ್ಗನೈಜರ್. ಆ ಶಬ್ದಕ್ಕೆ ಕನ್ನಡ ಹುಡುಕುವ ಗೊಡವೆಗೆ ಈ ಕಡೆ ಯಾರೂ ಹೋಗಿಲ್ಲ. ದೊಡ್ಡ ಕಂಪನಿಗಳು ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡಿಸುವುದು ಇಲ್ಲಿನ ಹೊಲಗಳಲ್ಲಿ. ಕಂಪನಿಗೂ ರೈತರಿಗೂ ನಡುವೆ ನಿಂತು, ಗಿಡಗಳಿಗೆ ಬಲೆಯ ಮನೆ, ಅಂದರೆ ನೆಟ್ ಹೌಸ್ ಹಾಕಿಸಿ, ಕೂಲಿಯವರನ್ನು ಕೂಡಿಸಿ, ಕೊನೆಗೆ ಬೀಜ ತೂಗಿ ಕೊಡುವವನೇ ಆರ್ಗನೈಜರ್. ಸಂಜೆ ಮೊಗ್ಗನ್ನು ಚಿಮಟದಿಂದ ಬಿಡಿಸಿ ಅದರ ಗಂಡುಭಾಗ ಕೀಳಬೇಕು. ಮರುದಿನ ಮುಂಜಾನೆ ಬೇರೆ ಗಿಡದ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಒಂದು ದಿನ ತಪ್ಪಿದರೆ ಆ ದಿನದ ಹೂವು ಹೋದಂತೆಯೇ. ಗಂಡಸರ ಬೆರಳು ಈ ಕೆಲಸಕ್ಕೆ ಬಗ್ಗುವುದಿಲ್ಲ. ಅಂದಾನೆಪ್ಪನ ಕೈಕೆಳಗೆ ಈ ಕೆಲಸದಲ್ಲಿ ಪಳಗಿದ ನೂರಾ ಹನ್ನೆರಡು ಮಂದಿ ಹೆಂಗಸರಿದ್ದರು. ಈಗ ಅವನಿಗೆ ಕಂಪನಿಯ ಬಾಲ ಹಿಡಿದು ತಿರುಗಿದ್ದು ಸಾಕಾಗಿತ್ತು. ಬೈಪಾಸಿನ ಪಕ್ಕ ಬೀಜ ಸಂಸ್ಕರಣೆಯ ಸ್ವಂತ ಘಟಕ ಹಾಕಬೇಕು, ಅದಕ್ಕೆ ಎರಡು ಕೋಟಿ ಬೇಕು. ತಿಂಗಳ ಕೊನೆಯೊಳಗೆ ನಲಿನಿಯ ವರದಿ ಹಾವೇರಿಯ ಪ್ರಾದೇಶಿಕ ಕಚೇರಿಗೆ ಹೋಗಬೇಕಿತ್ತು. ಶಾಖೆಯ ಮ್ಯಾನೇಜರ್ ಆಗಿ ಅವಳು ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ.

ಊರು ಬೆಳೆಯುತ್ತಿತ್ತು. ಎಲ್ಲಿ ನೋಡಿದರೂ ಹೊಸ ಲೇಔಟು, ಕಾರಿನ ಶೋರೂಮು, ಮಕ್ಕಳನ್ನು ಡಾಕ್ಟರ್ ಮಾಡುತ್ತೇವೆಂದು ಬೋರ್ಡು ಹಾಕಿಕೊಂಡ ಕೋಚಿಂಗ್ ಕ್ಲಾಸು. ಊರು ಬೆಳೆದಂತೆ ಧುರೀಣರೂ ಹುಟ್ಟಿಕೊಳ್ಳುತ್ತಾರೆ. ಆದರೆ ಬ್ಯಾಂಕಿನ ಕುರ್ಚಿಯಲ್ಲಿ ಕೂತವರಿಗೆ ಊರು ಬೇರೆಯದೇ ರೀತಿ ಕಾಣುತ್ತದೆ. ಫ್ಲೆಕ್ಸಿನಲ್ಲಿ ಕೈಮುಗಿದು ನಗುವ ಹತ್ತು ಮುಖಗಳಲ್ಲಿ ಯಾವ ಏಳರ ಕಂತು ನಿಂತಿದೆ ಎಂಬುದು ನಲಿನಿಗೆ ಗೊತ್ತಿತ್ತು. ಫೋಟೋ ದೊಡ್ಡದಾದಷ್ಟೂ ಖಾತೆ ಸಣ್ಣದಾಗುತ್ತದೆ ಎಂಬುದು ಅವಳ ಅನುಭವ. ಈ ವರ್ಷ ಬೀಜದ ವ್ಯಾಪಾರಸ್ಥರು ಅಂದಾನೆಪ್ಪನನ್ನು ತಮ್ಮ ಸಂಘದ ಅಧ್ಯಕ್ಷನನ್ನಾಗಿ ಮಾಡಲು ಹೊರಟಿದ್ದರು. ಫ್ಲೆಕ್ಸನ್ನೂ ಕಟ್ಟಿಸಿದ್ದರು. ಅವನು ತಾನೇ ಬಂದು ಅದನ್ನು ಬಿಚ್ಚಿಸಿದನಂತೆ. ಇದರಲ್ಲೂ ಏನೋ ಲೆಕ್ಕಾಚಾರ ಇರಲೇಬೇಕು ಎಂದು ನಲಿನಿ ತೀರ್ಮಾನಿಸಿದಳು.

ಅವಳು ಹುಟ್ಟಿನಿಂದಲೇ ಹೀಗಿದ್ದವಳಲ್ಲ. ಬ್ಯಾಡಗಿ ಶಾಖೆಯಲ್ಲಿದ್ದಾಗ ಒಬ್ಬ ಮೆಣಸಿನಕಾಯಿ ಸಾಹುಕಾರ ಅವಳಿಗೆ ಹೀಗಿರುವುದನ್ನು ಕಲಿಸಿಕೊಟ್ಟಿದ್ದ. ಕೋಲ್ಡ್ ಸ್ಟೋರೇಜಿನಲ್ಲಿ ಸಾವಿರಾರು ಚೀಲ ಇಟ್ಟು, ಅದರ ಮೇಲೆ ಸಾಲ ಎತ್ತಿದ್ದ. ನಲಿನಿ ಅವನ ಮನೆಯಲ್ಲಿ ಹೋಳಿಗೆ ಉಂಡಿದ್ದಳು, ಅವನ ಹೆಂಡತಿಯನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ತಪಾಸಣೆಗೆ ಹೋದ ದಿನ ಆ ಚಳಿಯಲ್ಲಿ ನಡುಗುತ್ತ ಮುಂದಿನ ನಾಲ್ಕು ಸಾಲಿನ ಚೀಲ ಬಿಚ್ಚಿಸಿ ನೋಡಿ ಸಹಿ ಹಾಕಿದ್ದಳು. ಹಿಂದಿನ ಸಾಲುಗಳಲ್ಲಿ ಇದ್ದದ್ದು ಬರೀ ಹೊಟ್ಟು. ಸಾಹುಕಾರ ಒಂದು ಸೋಮವಾರ ಮನೆಗೆ ಬೀಗ ಹಾಕಿ ಹೋದವನು ತಿರುಗಿ ಬರಲಿಲ್ಲ. ವಿಚಾರಣೆಯಲ್ಲಿ ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ: ಹಿಂದಿನ ಸಾಲು ಯಾಕೆ ನೋಡಲಿಲ್ಲ? ಎರಡು ಇನ್‌ಕ್ರಿಮೆಂಟ್ ಹೋದವು. ಇನ್ನೊಮ್ಮೆ ಹೀಗಾದರೆ ನೌಕರಿಯೇ ಹೋಗುತ್ತದೆ ಎಂದು ಬರೆದು ಕೊಟ್ಟಿದ್ದರು. ಅಂದಿನಿಂದ ಅವಳು ಗಿರಾಕಿಗಳ ಮನೆಯ ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ. ಗಂಡ ಆನಂದತೀರ್ಥ ಅವಳನ್ನು ತರಕಾರಿ ಪೇಟೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದ. ಬದನೆಕಾಯಿ ಬುಟ್ಟಿಯ ತಳದವರೆಗೂ ಕೈ ಹಾಕಿ ನೋಡುತ್ತಾಳೆ, ಮಾರುವವರು ಬೈಯುತ್ತಾರೆ ಎಂದು ಅವನ ದೂರು.

ಅಂದಾನೆಪ್ಪನ ಹಿಂದಿನ ಸಾಲು ತೋರಿಸಿದವನು ಕ್ಯಾಶಿಯರ್ ಅಣ್ಣಾಜಿ. ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ, ಊರಿನವರ ಹಣೆಬರಹ ಬಾಯಿಪಾಠವಾಗಿದ್ದ ಮನುಷ್ಯ. ಒಂದು ಸಂಜೆ ಉದ್ದನೆಯ ಪಟ್ಟಿ ಹಿಡಿದು ಕ್ಯಾಬಿನ್ನಿಗೆ ಬಂದ.

"ಮೇಡಂ, ಅಂದಾನೆಪ್ಪನ ಕಡೆ ಹೆಣ್ಣಮಕ್ಕಳ ಖಾತೆ ನೋಡ್ರಿ. ಭಾಳ ಮಜಾ ಅದ."

ಪ್ರತಿ ಶನಿವಾರ ಪ್ರತಿಯೊಬ್ಬಳ ಖಾತೆಗೂ ವಾರದ ಕೂಲಿ ಎರಡು ಸಾವಿರದ ಐದುನೂರಾ ಇಪ್ಪತ್ತು ರೂಪಾಯಿ ಜಮಾ ಆಗುತ್ತಿತ್ತು. ಅಂದೇ ಸಂಜೆ, ಊರಿನಲ್ಲೇ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನ ಯಂತ್ರದಲ್ಲಿ ಬೆರಳು ಒತ್ತಿ ಅವರು ಅದನ್ನು ತೆಗೆಯುತ್ತಿದ್ದರು. ಆದರೆ ಒಂದೇ ಸಲಕ್ಕಲ್ಲ. ಮೊದಲು ಎರಡು ಸಾವಿರದ ನೂರು. ಎರಡು ನಿಮಿಷ ಬಿಟ್ಟು ನಾಲ್ಕುನೂರಾ ಇಪ್ಪತ್ತು. ನೂರಾ ಹನ್ನೆರಡು ಮಂದಿಯದೂ ಹೀಗೇ, ಒಂದು ವಾರವೂ ತಪ್ಪದೆ.

"ಪೂರಾ ಒಮ್ಮೆ ತಗೊಂಡ್ರ ಏನಾಗ್ತದ? ಎರಡೆರಡು ಸಲ ಬೆರಳು ಒತ್ತೂದು ಯಾಕ?" ಎಂದಳು ನಲಿನಿ.

"ನಾಕನೂರಾ ಇಪ್ಪತ್ತು ಮೇಡಂ. ಚಾರ್ ಸೌ ಬೀಸ್," ಎಂದು ಅಣ್ಣಾಜಿ ಹೊಟ್ಟೆ ಕುಣಿಸಿ ನಕ್ಕ.

ನಲಿನಿ ನಗಲಿಲ್ಲ. ಕಾನೂನಿಗೆ ಹೆದರಿ ಕೂಲಿಯನ್ನು ಖಾತೆಗೆ ಹಾಕಿ, ಹಿಂಬಾಗಿಲಿನಿಂದ ಒಂದು ಪಾಲನ್ನು ವಾಪಸ್ ವಸೂಲಿ ಮಾಡುವ ಧಣಿಗಳನ್ನು ಅವಳು ಕಂಡಿದ್ದಳು. ಬಡ ಹೆಂಗಸರ ಬೆವರಿನಲ್ಲಿ ಎರಡು ಕೋಟಿಯ ಘಟಕ! ಸಿಟ್ಟು ಬಂತು. ಸಿಟ್ಟಿನ ಕೆಳಗೆ ಖುಷಿಯೂ ಇತ್ತು. ಈ ಸಲ ತನ್ನ ಕಣ್ಣಿಗೆ ಯಾರೂ ಮಣ್ಣೆರಚಲಾಗಲಿಲ್ಲ ಎಂಬ ಖುಷಿ.

ಎರಡು ದಿನ ಬಿಟ್ಟು, ಮುಂಚಿತವಾಗಿ ತಿಳಿಸದೆ, ಮೇಡ್ಲೇರಿಗೆ ಹೋದಳು. ಪಂಪ್ ಮನೆಯ ಗೋಡೆಯ ಮೇಲೆ ದಾರಿಹೋಕರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಕ್ರಾಸಿಂಗ್ ಕೂಲಿ ದಿನಕ್ಕೆ 350 ರೂಪಾಯಿ. ನಲಿನಿ ಮನಸ್ಸಿನಲ್ಲೇ ಗುಣಿಸಿದಳು. ಆರು ದಿನಕ್ಕೆ ಎರಡು ಸಾವಿರದ ನೂರು. ಬ್ಯಾಂಕಿಗೆ ತೋರಿಸುವ ದರ ದಿನಕ್ಕೆ ನಾಲ್ಕುನೂರಾ ಇಪ್ಪತ್ತು, ಹೆಂಗಸರಿಗೆ ತೋರಿಸುವ ದರ ಮುನ್ನೂರಾ ಐವತ್ತು. ನಡುವಿನ ಎಪ್ಪತ್ತು, ವಾರಕ್ಕೆ ನಾಲ್ಕುನೂರಾ ಇಪ್ಪತ್ತು, ನುಂಗಣ್ಣನಿಗೆ.

ಅಂದಾನೆಪ್ಪ ಓಡಿ ಬಂದು ಕುರ್ಚಿ ಹಾಕಿಸಿದ. ಅವಳು ಕೂರಲಿಲ್ಲ.

"ಗೋಡೆ ಮ್ಯಾಲೆ ಒಂದು ದರ ಅದ, ಖಾತೆಗೆ ಹಾಕೂದು ಒಂದು ದರ ಅದ. ಖರೇ ಯಾವುದು?"

ಅಂದಾನೆಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಖಾತೆಗೆ ಹಾಕೂದು ಖರೇರಿ."

"ಹಂಗಾದ್ರ ಇದು?"

"ಇದು ಹಳೇದ್ರಿ ಮೇಡಂ. ಅಳಿಸಿಲ್ಲ."

ಬಣ್ಣ ಹಾಕಿ ತಿಂಗಳೂ ಆಗಿರಲಿಲ್ಲ. ನಲಿನಿ ಗೋಡೆಯನ್ನೂ ಅವನನ್ನೂ ನೋಡಿದಳು. ಅವನು ನೆಲ ನೋಡಿದ. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಿದರೆ ಹೇಗಿರುತ್ತದೋ ಹಾಗಿತ್ತು. ಅವಳಿಗೆ ಮಾತ್ರ ಅದು ಸಿಕ್ಕಿಬಿದ್ದವನ ಮುಖವಾಗಿ ಕಂಡಿತು.

"ಹೆಣ್ಣಮಕ್ಕಳ ಪಾಸ್‌ಬುಕ್ ಎಲ್ಲಿ ಅವ?"

ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ, ನೂರಾ ಹನ್ನೆರಡೂ ಅಲ್ಲೇ ಇದ್ದವು.

"ಇವು ನಿಮ್ಮ ಹತ್ರ ಯಾಕ?"

"ಅವರ ಇಟಗೋರಿ ಅಂದಾರ್ರಿ."

"ಯಾಕ?"

"ಅದು ಹೆಣ್ಮಕ್ಕಳ ವ್ಯವಹಾರ ಐತ್ರಿ ಮೇಡಂ. ನಾ ಹೇಳೂವಂಥದ್ದಲ್ಲ."

ಎರಡು ದರ, ಎರಡು ಸಲ ಹಣ ತೆಗೆಯುವುದು, ಧಣಿಯ ಕಪಾಟಿನಲ್ಲಿ ಪಾಸ್‌ಬುಕ್. ತರಬೇತಿಯಲ್ಲಿ ಹೇಳಿಕೊಡುವ ಮೋಸದ ಲಕ್ಷಣಗಳು ಒಂದನ್ನೂ ಬಿಡದೆ ಕಣ್ಣೆದುರಿಗಿದ್ದವು.

ನೆಟ್ ಹೌಸಿನೊಳಗೆ ಹೆಂಗಸರು ಸಾಲಾಗಿ ಬಗ್ಗಿ ಮೊಗ್ಗು ಬಿಡಿಸುತ್ತಿದ್ದರು. ಅವರ ಮುಂದಾಳು ಮುತ್ತವ್ವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಯಾವ ಸಾಲಿಗೆ ಯಾರು, ಯಾರ ಕೈ ಇವತ್ತು ನಡುಗುತ್ತಿದೆ, ಯಾರನ್ನು ಲಗೂ ಮನೆಗೆ ಕಳಿಸಬೇಕು ಎಂಬುದೆಲ್ಲ ಅವಳ ಬಾಯಲ್ಲಿ. ಅಂದಾನೆಪ್ಪನೂ ಅವಳನ್ನು ಕೇಳಿಯೇ ಕೆಲಸ ಹಚ್ಚುತ್ತಿದ್ದ. ಇದನ್ನು ನಲಿನಿ ನೋಡಿದಳು, ಆದರೆ ಬರೆದುಕೊಳ್ಳಲಿಲ್ಲ. ಧಣಿಯ ಕಡೆಯವಳು ಎಂದುಕೊಂಡಳು.

"ನಿಮಗ ದಿನಕ್ಕ ಎಷ್ಟು ಕೊಡ್ತಾರ?" ಎಂದು ಸಾಲಿನಲ್ಲಿದ್ದವರನ್ನು ಕೇಳಿದಳು.

"ಗ್ವಾಡಿ ಮ್ಯಾಲೆ ಬರದೈತಲ್ರಿ," ಎಂದಳು ಮುಮ್ತಾಜಬಿ ಎಂಬುವಳು. ಸಾಲಿಗೆ ಸಾಲೇ ಕಿಸಕ್ಕನೆ ನಕ್ಕಿತು.

"ಮತ್ತ ಉಳದ ರೊಕ್ಕ ಯಾರಿಗೆ ಕೊಡ್ತೀರಿ?"

ನಗು ನಿಂತಿತು. ಯಾರೂ ತಲೆ ಎತ್ತಲಿಲ್ಲ. ಎಷ್ಟು ಹೆದರಿಸಿ ಇಟ್ಟಿದ್ದಾನೆ ಎಂದು ನಲಿನಿಗೆ ಮೈ ಉರಿಯಿತು.

ಕಾರು ಹತ್ತುವ ಹೊತ್ತಿಗೆ ಮುತ್ತವ್ವ ಹಿಂದೆಯೇ ಬಂದಳು. ದನಿ ತಗ್ಗಿಸಿ, "ಮೇಡಮ್ಮಾರ, ಒಂದಿನ ಒಬ್ಬರ ನಮ್ಮ ಮನಿಗೆ ಚಾಕ್ಕ ಬರ್ರಲ್ಲ," ಎಂದಳು. "ಮಧ್ಯಾಹ್ನದಾಗ ಬರ್ರಿ. ನಮ್ಮನಿಯಾವ್ರು ಕುಮಾರಪಟ್ಟಣದ ಕಡೆ ಲಾರಿ ತುಂಬಾಕ ಹೋಗಿರ್ತಾರ. ಕುಂತು ಮಾತಾಡೂನು."

ನಲಿನಿಯ ಕಿವಿ ನೆಟ್ಟಗಾಯಿತು. ಒಬ್ಬರೇ ಬರಬೇಕಂತೆ, ಗಂಡ ಮನೆಯಲ್ಲಿಲ್ಲದ ಹೊತ್ತಂತೆ. ಲಕೋಟೆ ಕೊಡಲು ಇದಕ್ಕಿಂತ ಚಲೋ ಹೊತ್ತು ಬೇಕೆ? ಬ್ಯಾಡಗಿಯ ಹೋಳಿಗೆ ಇನ್ನೂ ಅವಳಿಗೆ ಅರಗಿರಲಿಲ್ಲ.

"ನಾವು ಗಿರಾಕಿಗಳ ಮನಿಗೆ ಚಹಾಕ್ಕ ಹೋಗೂದಿಲ್ಲ, ಮುತ್ತವ್ವಾ. ಏನು ಹೇಳೂದದ, ಇಲ್ಲೇ ಎಲ್ಲರ ಮುಂದ ಹೇಳ್ರಿ."

ಮುತ್ತವ್ವ ಡ್ರೈವರನನ್ನು ನೋಡಿದಳು, ಪಂಪಿನ ಹತ್ತಿರ ಬೀಡಿ ಸೇದುತ್ತ ನಿಂತಿದ್ದ ಇಬ್ಬರು ಗಂಡಸರನ್ನು ನೋಡಿದಳು. "ಎಲ್ಲಾರ ಮುಂದ ಹೇಳೂ ಮಾತಲ್ರಿ ಅದು," ಎಂದು ಸೆರಗು ಬಿಗಿದುಕೊಂಡು ಒಳಗೆ ಹೋದಳು.

ಅಂದೇ ಸಂಜೆ ನಲಿನಿ ಹಾವೇರಿಗೆ ಒಂದು ಟಿಪ್ಪಣಿ ಕಳಿಸಿದಳು. ಅರ್ಜಿದಾರರು ಕೂಲಿಯವರಿಂದ ಹಣ ಮರಳಿ ಪಡೆಯುತ್ತಿರುವ ಬಲವಾದ ಶಂಕೆ ಇದೆ, ಸಾಲ ತಡೆಹಿಡಿಯುವುದು ಸೂಕ್ತ. ಪ್ರಾದೇಶಿಕ ವ್ಯವಸ್ಥಾಪಕರು ಮರುದಿನವೇ ಫೋನ್ ಮಾಡಿದರು. ಒಳ್ಳೇ ಕೆಲಸ ಮಾಡಿದಿರಿ, ಆದರೆ ಬರೀ ಶಂಕೆ ಸಾಲದು, ಒಬ್ಬ ಹೆಂಗಸಾದರೂ ಬಾಯಿ ಬಿಟ್ಟು ಹೇಳಬೇಕು ಎಂದರು.

ಹೇಳಿಸುವ ದಾರಿ ನಲಿನಿಗೆ ಹೊಳೆಯಿತು. ಮೂರು ತಿಂಗಳಿಗೊಮ್ಮೆ ಹಳ್ಳಿಯಲ್ಲಿ ಬ್ಯಾಂಕಿನವರು ತಿಳುವಳಿಕೆ ಶಿಬಿರ ಮಾಡಬೇಕೆಂಬ ನಿಯಮವಿತ್ತು. ಈ ಸಲದ್ದನ್ನು ಮೇಡ್ಲೇರಿಯಲ್ಲೇ ಇಟ್ಟಳು, ಭಾನುವಾರ, ಸಮುದಾಯ ಭವನದಲ್ಲಿ. ಧಣಿಯ ನೆಟ್ ಹೌಸಿನಿಂದ ಹೊರಗೆ, ಬಹಿರಂಗವಾಗಿ, ಸರ್ಕಾರಿ ಕಟ್ಟಡದಲ್ಲಿ ಕೇಳಿದರೆ ಧೈರ್ಯ ಬರುತ್ತದೆ ಎಂಬುದು ಅವಳ ಲೆಕ್ಕ. ಪಂಚಾಯಿತಿಯವರು ಆಟೋದಲ್ಲಿ ಮೈಕ್ ಕಟ್ಟಿ ಊರೆಲ್ಲ ಸಾರಿದರು: ಕ್ರಾಸಿಂಗಿಗೆ ಹೋಗುವ ಹೆಣ್ಣುಮಕ್ಕಳ ಬ್ಯಾಂಕಿನ ಸಭೆ, ಎಲ್ಲರೂ ಬರಬೇಕು.

ಎಲ್ಲರೂ ಬಂದರು. ಬ್ಯಾಂಕಿನ ಮಾತೆಂದ ಮೇಲೆ ಗಂಡಸರು ಮನೆಯಲ್ಲಿ ಉಳಿಯುತ್ತಾರೆಯೇ? ಮುಂದಿನ ಕುರ್ಚಿಗಳೆಲ್ಲ ಅವರಿಂದ ತುಂಬಿದವು. ಹೆಂಗಸರು ಹಿಂದೆ ಜಮಖಾನೆಯ ಮೇಲೆ ಕೂತರು. ಅಂದಾನೆಪ್ಪ ಗೋಡೆಗೆ ಒರಗಿ ನಿಂತಿದ್ದ. ಮುತ್ತವ್ವ ಎರಡು ಸಲ ಎದ್ದು ವೇದಿಕೆಯ ಕಡೆ ಬರಲು ನೋಡಿದಳು, ನಲಿನಿ ಕೈಯಲ್ಲೇ ಸನ್ನೆ ಮಾಡಿ ಕೂರಿಸಿದಳು.

ವಿಮೆ, ಪಿಂಚಣಿ, ಎಟಿಎಮ್ಮಿನ ಗುಟ್ಟಿನ ನಂಬರು ಎಲ್ಲ ಮುಗಿದ ಮೇಲೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತಾಯಂದಿರಾ, ನಿಮ್ಮ ದುಡಿಮಿ ಪೂರಾ ನಿಮಗ ಸಿಗಬೇಕು. ಪ್ರತಿ ವಾರ ನಿಮ್ಮ ಖಾತೆಗೆ ಎರಡು ಸಾವಿರದ ಐನೂರಾ ಇಪ್ಪತ್ತು ರೂಪಾಯಿ ಬರ್ತದ. ಅದರಾಗ ನಾಕನೂರಾ ಇಪ್ಪತ್ತು ಯಾರು ಕಸಗೊಳ್ಳಿಕ್ಕೆ ಹತ್ತ್ಯಾರ? ಅಂಜಬ್ಯಾಡ್ರಿ. ಹೆಸರು ಹೇಳ್ರಿ, ನಾ ನಿಮ್ಮ ಬೆನ್ನಿಗೆ ಇದ್ದೇನಿ."

ಮುತ್ತವ್ವ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯ ಸಾಲಿನಲ್ಲಿ ಅವಳ ಗಂಡ ಯಲ್ಲೇಶ ನಿಧಾನವಾಗಿ ಎದ್ದು ನಿಂತ.

"ಎಷ್ಟು ಬರ್ತೈತಿ ಅಂದ್ರಿ ಮೇಡಂ?"

"ಎರಡು ಸಾವಿರದ ಐನೂರಾ ಇಪ್ಪತ್ತು."

"ನಮ್ಮಾಕಿ ಎರಡು ಸಾವಿರದ ನೂರು ಅಂತಾಳಲ್ರಿ. ವಾರಾ ಚೀಟಿ ತಂದು ತೋರಸ್ತಾಳ."

ಕುರ್ಚಿಗಳು ಕಿರುಗುಟ್ಟಿದವು. ಒಬ್ಬೊಬ್ಬರಾಗಿ ಗಂಡಸರೆಲ್ಲ ಹಿಂದೆ ತಿರುಗಿ ತಮ್ಮ ತಮ್ಮ ಹೆಂಡಂದಿರನ್ನು ನೋಡತೊಡಗಿದರು. ಆಗ ನಲಿನಿಗೆ ಅರ್ಥವಾಯಿತು. ಯಂತ್ರದಲ್ಲಿ ಎರಡು ಸಲ ಬೆರಳು ಒತ್ತಿದರೆ ಎರಡು ಚೀಟಿ ಬರುತ್ತವೆ. ಒಂದು ಮನೆಗೆ ತೋರಿಸಲು, ಇನ್ನೊಂದು ಅಲ್ಲೇ ಹರಿದು ಹಾಕಲು. ಗೋಡೆಯ ಮೇಲಿನ ದರ, ಹೆಂಡತಿಯನ್ನು ಕರೆಯಲು ಬರುವ ಗಂಡಂದಿರು ಓದಿಕೊಂಡು ಹೋಗಲಿ ಎಂದು ಬರೆಸಿದ್ದು. ಪಾಸ್‌ಬುಕ್ಕು ಕಪಾಟಿನಲ್ಲಿದ್ದದ್ದು ಮನೆಯಲ್ಲಿ ಇರಬಾರದೆಂದು. ಮಧ್ಯಾಹ್ನದ ಚಹಾ ಬರೀ ಚಹಾ ಆಗಿತ್ತು. ನಲಿನಿ ಮೈಕನ್ನು ಕೆಳಗಿಟ್ಟಳು. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವ ಯಾವ ಉಪಾಯವೂ ಹೊಳೆಯಲಿಲ್ಲ.

ಮುತ್ತವ್ವ ಎದ್ದಳು.

"ಯಾರೂ ಕಸಗೊಂಡಿಲ್ರಿ. ನಾವ ಕೂಡಿಸೇವಿ. ಐರಣ್ಯಾಗ ಹೊಳಿ ದಂಡಿಗೆ ಎರಡೆಕರೆ ಹೊಲ ನೋಡೇವಿ, ಎಲ್ಲಾರ ಹೆಸರಿಲೆ. ನಮ್ಮದ ನೆಟ್ ಹೌಸ್ ಹಾಕಿ ನಮ್ಮದ ಬೀಜಾ ಮಾಡಿ ಅಂದಾನೆಪ್ಪಣ್ಣಾರ ಹೊಸಾ ಘಟಕಕ್ಕ ಕೊಡಬೇಕಂತ ಮಾಡಿದ್ವಿ. ಸಂಚಕಾರದ ರೊಕ್ಕಾ ಮುಂಗಡ ಕೊಟ್ಟೇವಿ. ಬರೂ ತಿಂಗಳ ಖರೀದಿ ಐತಿ."

"ನಮ್ಮನ್ನ ಕೇಳಲಾರದ?" ಎಂದ ಯಲ್ಲೇಶ.

"ಕೇಳಿದ್ರ ಅದು ಉಳೀತಿತ್ತೇನು?" ಹಿಂದಿನಿಂದ ಮುಮ್ತಾಜಬಿಯ ದನಿ.

ಯಲ್ಲೇಶ ಅಂದಾನೆಪ್ಪನ ಕಡೆ ತಿರುಗಿದ. "ಗ್ವಾಡಿ ಮ್ಯಾಲೆ ಸುಳ್ಳು ಬರಸಿದಾಂವ ನೀನ ಹೌದಲ್ಲೋ?"

"ಹೌದು, ನಾನ ಬರಸೇನಿ," ಎಂದ ಅಂದಾನೆಪ್ಪ. "ಕೇಳಿಕೊಂಡ್ರು. ಮಾತು ಕೊಟ್ಟಿದ್ನಿ."

ಆಮೇಲೆ ಯಾರು ಏನೆಂದರೋ ನಲಿನಿಗೆ ಕೇಳಿಸಲಿಲ್ಲ, ಅಷ್ಟು ಗದ್ದಲ. ಪಂಚಾಯಿತಿಯವರು ಅವಳನ್ನು ಹಿಂದಿನ ಬಾಗಿಲಿನಿಂದ ಕಾರಿಗೆ ಹತ್ತಿಸಿದರು.

ಸೋಮವಾರ ಬ್ಯಾಂಕು ತೆರೆಯುವ ಮೊದಲೇ ಮೇಡ್ಲೇರಿಯ ಗಂಡಸರು ಸಾಲುಗಟ್ಟಿ ನಿಂತಿದ್ದರು, ಪಕ್ಕದಲ್ಲಿ ಹೆಂಡಂದಿರು. ಹೆಂಡತಿಯ ಖಾತೆಗೆ ತಮ್ಮ ಮೊಬೈಲ್ ನಂಬರ್ ಸೇರಿಸಬೇಕು, ಹಣ ಬಂದರೂ ಹೋದರೂ ಮೆಸೇಜು ತಮಗೇ ಬರಬೇಕು. ಹೆಂಗಸರೇ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ನಿಯಮದ ಪ್ರಕಾರ ಬೇಡ ಎನ್ನುವಂತಿರಲಿಲ್ಲ. ಅಣ್ಣಾಜಿ ತಲೆ ಎತ್ತದೆ ಸೀಲು ಒತ್ತಿದ. ಆ ದಿನ ಅವನು ಯಾರೊಂದಿಗೂ ನಗೆಚಾಟಿಕೆ ಆಡಲಿಲ್ಲ.

ಹೆಂಗಸರು ಐರಣಿಯ ಸೊಸೈಟಿಯಲ್ಲಿ ಕೂಡಿಟ್ಟಿದ್ದ ಹಣವನ್ನು ಗಂಡಸರು ಎರಡು ವಾರದಲ್ಲಿ ಪಾಲು ಮಾಡಿಸಿಕೊಂಡರು. ಯಾರದೋ ಮನೆ ಮುಂದೆ ಹೊಸ ಬೈಕು ಬಂತು, ಯಾರದೋ ಹಳೇ ಕೈಗಡ ತೀರಿತು. ಹೊಲಕ್ಕೆ ಕೊಟ್ಟ ಸಂಚಕಾರದ ಹಣ ಮುಳುಗಿತು. ಅದಕ್ಕಿಂತ ಮೊದಲೇ ಇನ್ನೊಂದು ನಡೆದುಹೋಗಿತ್ತು. ತಮ್ಮ ಹೆಂಡರಿಗೆ ಸುಳ್ಳು ಕಲಿಸಿದವನ ಹೊಲಕ್ಕೆ ಕಳಿಸುವುದಿಲ್ಲ ಎಂದು ಗಂಡಸರು ಪಟ್ಟು ಹಿಡಿದರು. ಮೊಗ್ಗು ಯಾರ ಸಿಟ್ಟನ್ನೂ ಕಾಯುವುದಿಲ್ಲ. ಅಂದಾನೆಪ್ಪ ಬೇರೆ ಊರುಗಳಿಂದ ಟಂಟಂ ಆಟೋ ತುಂಬ ಹೆಂಗಸರನ್ನು ತಂದ, ಅವರ ಬೆರಳಿಗೆ ಕೆಲಸ ಹತ್ತಲಿಲ್ಲ. ದಾರ ಕಟ್ಟದ ಗಿಡಗಳಲ್ಲಿ ತಂತಾನೇ ಕಾಯಿ ಹಿಡಿಯಿತು. ಅದು ಬೀಜಕ್ಕೆ ಬರುವಂಥದ್ದಲ್ಲ. ಕಂಪನಿಯವರು ಬಂದು ನೋಡಿ ಗುತ್ತಿಗೆ ರದ್ದು ಮಾಡಿ ಹೋದರು.

ಅರ್ಜಿ ಹಿಂತೆಗೆದುಕೊಳ್ಳಲು ಅಂದಾನೆಪ್ಪ ತಾನೇ ಬಂದ. ಆ ದಿನವೂ ಕಾಗದ ಸರಿಯಾಗಿಯೇ ಇತ್ತು.

"ನಂದು ತಪ್ಪಾತು," ಎಂದಳು ನಲಿನಿ. ಗಿರಾಕಿಯೊಬ್ಬನ ಎದುರು ಆ ಮಾತು ಹೇಳಿದ್ದು ಅದೇ ಮೊದಲು.

"ಇಲ್ರಿ ಮೇಡಂ. ನೀವು ಕೇಳಿದ್ರಿ, ನಾ ಹೇಳಲಿಲ್ಲ. ನಿಮಗರ ಹೆಂಗ ಗೊತ್ತಾಗಬೇಕು?"

ಈ ಮಾತಿನ ಹಿಂದೆ ಏನಿರಬಹುದು, ಮೇಲಿನವರಿಗೆ ದೂರು ಕೊಡುವ ಯೋಚನೆಯೇ, ಎಂದು ಅವಳ ತಲೆ ಒಂದು ಗಳಿಗೆ ಓಡಿತು. ಏನೂ ಇರಲಿಲ್ಲ. ಅವನು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಹೋದ.

ಆ ರಾತ್ರಿಯೇ ಕೂತು ನಲಿನಿ ಹಾವೇರಿಗೆ ಎರಡನೆಯ ಪತ್ರ ಬರೆದಳು. ಅರ್ಜಿದಾರರು ಒಂದು ರೂಪಾಯಿಯನ್ನೂ ತಿಂದಿರಲಿಲ್ಲ, ತನ್ನ ಶಂಕೆ ಸುಳ್ಳಾಗಿತ್ತು, ತಾನು ವಿಚಾರಿಸಿದ ರೀತಿಯಿಂದಲೇ ಅವರ ಉದ್ಯಮ ಕೆಟ್ಟಿತು ಎಂದು ಮುಚ್ಚುಮರೆಯಿಲ್ಲದೆ ಬರೆದಳು. ಜನವರಿಯಲ್ಲಿ ಉತ್ತರ ಬಂತು. ಅರ್ಜಿದಾರರ ಉದ್ಯಮ ಎರಡೇ ತಿಂಗಳಲ್ಲಿ ನೆಲಕಚ್ಚಿರುವುದರಿಂದ ನಿಮ್ಮ ಮೊದಲಿನ ವರದಿಯೇ ಸರಿ ಎಂದು ಸಾಬೀತಾಗಿದೆ. ಬ್ಯಾಂಕಿಗೆ ಎರಡು ಕೋಟಿಯ ನಷ್ಟ ತಪ್ಪಿಸಿದ ನಿಮ್ಮ ಮುಂದಾಲೋಚನೆ ಶ್ಲಾಘನೀಯ. ಬೆಳೆಯುತ್ತಿರುವ ಊರುಗಳಲ್ಲಿ ನಿಜವಾದ ನಾಯಕರನ್ನು ಗುರುತಿಸುವುದು ಹೇಗೆ ಎಂಬ ಬಗ್ಗೆ ಮುಂದಿನ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಮಾತನಾಡಬೇಕು. ಬ್ಯಾಡಗಿಯಲ್ಲಿ ಹೋಗಿದ್ದ ಇನ್‌ಕ್ರಿಮೆಂಟುಗಳ ವಿಷಯವನ್ನೂ ಮರುಪರಿಶೀಲಿಸಲಾಗುವುದು. ನಲಿನಿ ಪತ್ರವನ್ನು ಎರಡು ಸಲ ಓದಿದಳು. ನಾಚಿಕೆಯಾಯಿತು. ಆದರೂ ಹರಿದು ಹಾಕಲಿಲ್ಲ, ಫೈಲಿಗೆ ಸೇರಿಸಿದಳು.

ಅದೇ ವಾರ ಬೀಜದ ವ್ಯಾಪಾರಸ್ಥರ ಸಂಘಕ್ಕೆ ಹೊಸ ಅಧ್ಯಕ್ಷನಾದ ಶಂಭುಲಿಂಗ ಬ್ಯಾಂಕಿಗೆ ಬಂದ. ಮೂರು ಲೇಔಟುಗಳ ಮಾಲೀಕ, ಬಿಳಿ ಬಟ್ಟೆ, ಎರಡು ಫೋನು. ಪೇಢೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟ. ನಲಿನಿ ಅದನ್ನು ಅವನ ಕಡೆಗೇ ಸರಿಸಿ, ಮೊಬೈಲ್ ನಂಬರ್ ಬದಲಿಸಲು ಅವನು ತಂದಿದ್ದ ಫಾರಮ್ಮಿಗೆ ಸಹಿ ಹಾಕಿಕೊಟ್ಟಳು. ನಿಮ್ಮಂಥ ಕಟ್ಟುನಿಟ್ಟಿನ ಮ್ಯಾನೇಜರು ಊರಿಗೆ ಬೇಕ್ರಿ ಎಂದು ಅವನು ಹೊಗಳುತ್ತಿರುವಾಗ ಬಾಗಿಲಲ್ಲಿ ಮುತ್ತವ್ವ ಕಾಣಿಸಿದಳು. ಕೈಯಲ್ಲಿ ಒಂದು ಫಾರಂ.

"ಬರ್ರಿ ಮುತ್ತವ್ವಾ, ಬರ್ರಿ," ಎಂದು ನಲಿನಿ ಅರ್ಧ ಎದ್ದಳು.

ಮುತ್ತವ್ವ ಬಾಗಿಲು ದಾಟಿ ಒಂದೇ ಹೆಜ್ಜೆ ಒಳಗೆ ಬಂದು ನಿಂತಳು. "ಬ್ಯಾಡಗಿಗೆ ಹೊಂಟೇನ್ರಿ ಈಗ, ಮೆಣಸಿನಕಾಯಿ ತೊಟ್ಟು ಬಿಡಸಾಕ. ಹದಿನಾಕು ಮಂದಿ ಅದೀವಿ. ಪಗಾರ ಖಾತೆಗೆ ಹಾಕ್ತಾರಂತ. ಅದಕ್ಕ..." ಫಾರಮ್ಮನ್ನು ಮೇಜಿನ ಮೇಲಿಟ್ಟಳು. "ಅಣ್ಣಾಜಿಯವರು ತುಂಬಿ ಕೊಟ್ಟಾರ್ರಿ. ಆ ಮೊಬೈಲ್ ನಂಬರ್ ತಗಿಸೂದಿತ್ತು. ಸಹಿ ನಿಮ್ಮ ಮುಂದ ಮಾಡಬೇಕಂತ."

ಮತ್ತೆ ಕೂಡಿಡಲು ಶುರು ಮಾಡಿದ್ದಾಳೆ! ನಲಿನಿಗೆ ನಿಜಕ್ಕೂ ಸಂತೋಷವಾಯಿತು. ಪೆನ್ನು ತೆಗೆದು ಫಾರಮ್ಮಿನ ಮೇಲಿಂದ ಕೆಳಗೆ ಕಣ್ಣಾಡಿಸಿದಳು. ಹೆಸರು, ಖಾತೆ, ತೆಗೆಯಬೇಕಾದ ನಂಬರು ಎಲ್ಲ ಇತ್ತು. ಕೊನೆಯ ಸಾಲು ಖಾಲಿ ಇತ್ತು.

"ಯಾಕ ತಗಸ್ತೀರಿ? ಇಲ್ಲಿ ಕಾರಣ ಬರದಿಲ್ಲ," ಎಂದಳು.

ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತನ್ನ ದನಿ ಕೇಳಿಸಿತು. ಫೋನಿನಲ್ಲಿ ತಲೆ ಹುದುಗಿಸಿದ್ದ ಶಂಭುಲಿಂಗ ಕತ್ತೆತ್ತಿದ.

"ಏ, ನೀ ಮೇಡ್ಲೇರಿ ಯಲ್ಲೇಶನ ಹೇಣ್ತಿ ಅಲ್ಲೇನವಾ? ಅಂವ ಈಗ ನಮ್ಮ ಲೇಔಟಿನಾಗ ಕೆಲಸಕ್ಕ ಅದಾನ. ಯಾಕ, ಏನಾತು?"

ಮುತ್ತವ್ವ ನಲಿನಿಯನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. ಮೇಜಿನ ಮೇಲಿನ ಫಾರಮ್ಮನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿದಳು.

"ಏನಿಲ್ರಿ ಸಾಹುಕಾರ್ರ. ಪಾಸ್‌ಬುಕ್ ತುಂಬಸಾಕ ಬಂದಿದ್ನಿ. ಇನ್ನೊಮ್ಮೆ ಬರ್ತೇನಿ."

"ಮುತ್ತವ್ವಾ, ನಿಂದರ್ರಿ," ಎಂದು ನಲಿನಿ ಕುರ್ಚಿ ಸರಿಸಿ ಬಾಗಿಲಿನವರೆಗೆ ಹೋದಳು. ಮುತ್ತವ್ವ ತಿರುಗಿ ನೋಡಲಿಲ್ಲ. ಕೌಂಟರ್ ದಾಟಿ, ಮೆಟ್ಟಿಲಿಳಿದು ಹೋದಳು. ಅಣ್ಣಾಜಿ ಗಾಜಿನ ಹಿಂದಿನಿಂದ ಒಮ್ಮೆ ಅವಳನ್ನು, ಒಮ್ಮೆ ನಲಿನಿಯನ್ನು ನೋಡಿ ನೋಟು ಎಣಿಸತೊಡಗಿದ.

"ಇಂಥವ್ರ ಮ್ಯಾಲೆ ಒಂದು ಕಣ್ಣು ಇಡಬೇಕ್ರಿ ಮೇಡಂ," ಎಂದ ಶಂಭುಲಿಂಗ ಒಳಗಿನಿಂದ. "ಸಂಜಿಗೆ ಯಲ್ಲೇಶಗ ಕೇಳ್ತೇನಿ."

ನಲಿನಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಕಾರಣದ ಸಾಲನ್ನು ತುಂಬಲೇಬೇಕೆಂಬ ನಿಯಮ ಬ್ಯಾಂಕಿನಲ್ಲಿ ಇರಲಿಲ್ಲ. ಅದನ್ನು ಖಾಲಿ ಬಿಟ್ಟ ಫಾರಮ್ಮುಗಳಿಗೆ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವಳು ಎಷ್ಟೋ ಸಲ ಸಹಿ ಹಾಕಿದ್ದಳು. ಅರ್ಧ ಗಂಟೆಯ ಹಿಂದೆ ಶಂಭುಲಿಂಗನ ಫಾರಮ್ಮಿಗೂ ಹಾಕಿದ್ದಳು. ಅವನನ್ನು ಯಾಕೆ ಎಂದು ಕೇಳಬೇಕೆಂದು ಅವಳಿಗೆ ಅನಿಸಿಯೇ ಇರಲಿಲ್ಲ.